ಮಗಳ ಪರೀಕ್ಷೆಗೆ ಅಪ್ಪನ ತಾಲೀಮು

ನಾನು ಹೊಸೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಹೆಸರು ಮುತ್ತರಾಯಪ್ಪ. ಬೆತ್ತ ಹಿಡಿದು ಪ್ರಶ್ನೆ ಕೇಳುವುದು ನನ್ನ ಕಸುಬು. ಕೇಳಿ ಕೇಳಿಯೇ ಕೂದಲು ಹಣ್ಣಾಗಿದೆ. ಇಂಥ ನನ್ನನ್ನು, ನನ್ನ ಮನೆಯ ಪಡಸಾಲೆಯಲ್ಲೇ ಚಾಪೆ ಮೇಲೆ ಕೂರಿಸಿ, ಅಕ್ಷರ ಬಾರದ ನನ್ನ ಹೆಂಡತಿ ಗಂಗರತ್ನಮ್ಮ ಪರೀಕ್ಷೆ ಮಾಡಿ ಲೆಕ್ಕವಿಲ್ಲದಷ್ಟು ಸಲ ನಪಾಸು ಮಾಡಿದಳು. ಈ ದುಃಖವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಸ್ಕೂಲಿನಲ್ಲಿ ಹೇಳಿದರೆ ಹುಡುಗರು ನಗುತ್ತಾರೆ, ಹೆಡ್‌ಮೇಷ್ಟ್ರು ಅವರಿಗಿಂತ ಜೋರಾಗಿ ನಗುತ್ತಾರೆ. ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ನೀವು ನಕ್ಕರೂ ನನಗೆ ಕಾಣಿಸುವುದಿಲ್ಲ.

ಆದರೆ ಇದು ಶುರುವಾದದ್ದು ನಗುವ ವಿಷಯದಿಂದಲ್ಲ. ನನ್ನ ಹೆಂಡತಿಯ ತಂಗಿ ರಾಮಕ್ಕನನ್ನು ರಾಯಕೋಟೆಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆ. ನಮ್ಮ ಮಗಳು ಗೋವಿಂದಮ್ಮ ಆಗ ಇನ್ನೂ ಲಂಗ ತೊಡುವ ಹುಡುಗಿ, ತಾಯಿಯ ಜೊತೆ ಹೋಗಿದ್ದಳು. ಹೆರಿಗೆ ಕಷ್ಟವಾಗಿ ಸರ್ಕಾರಿ ಡಾಕ್ಟರನ್ನು ಕರೆಸಿದರು. ಪಾಪ, ಬಂದರು. ಆದರೆ ಗಂಡಸು ಒಳಗೆ ಬರಕೂಡದು ಅಂತ ರಾಮಕ್ಕನ ಅತ್ತೆ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ಡಾಕ್ಟರು ಬೂಟ್ಸು ಬಿಚ್ಚಿ ಜಗಲಿಯ ಮೇಲೆ ಕೂತರು. ಅಲ್ಲಿಂದಲೇ ಹೀಗೆ ಮಾಡಿ, ಹಾಗೆ ಮಾಡಿ ಅಂತ ಹೇಳುವುದು, ಅದನ್ನು ಗೋವಿಂದಮ್ಮ ಒಳಕ್ಕೆ ಹೋಗಿ ಸೂಲಗಿತ್ತಿಗೆ ಹೇಳುವುದು, ಸೂಲಗಿತ್ತಿ ಹೇಳಿದ್ದನ್ನು ಮತ್ತೆ ಹೊರಗೆ ತಂದು ಹೇಳುವುದು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ತರುವ ಸುದ್ದಿಯೇ ಇಲ್ಲದೆ ಹೋಯಿತು. ಡಾಕ್ಟರು ಮತ್ತೆ ಬೂಟ್ಸು ಹಾಕಿಕೊಂಡು ಹೊರಟುಹೋದರು.

ಅವತ್ತಿನಿಂದ ಗೋವಿಂದಮ್ಮ ಮಾತು ಕಡಿಮೆ ಮಾಡಿದಳು. ಹೈಸ್ಕೂಲಿಗೆ ಸೇರುತ್ತೇನೆ ಅಂದಳು, ಸೇರಿದಳು. ಗಂಡು ಹುಡುಗರ ನಡುವೆ ಒಂದು ಮೂಲೆಯ ಬೆಂಚಿನಲ್ಲಿ ಕೂತು ಓದಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದಳು. ಆಮೇಲೆ ಒಂದು ಸಂಜೆ, ನಾನು ಕಾಲು ತೊಳೆದು ಒಳಗೆ ಬರುತ್ತಿರುವಾಗ, ನಾನು ಡಾಕ್ಟರ್ ಓದುತ್ತೇನೆ ಅಂದಳು. ಮದರಾಸಿನ ಕಡೆ ರೈಲಿನಲ್ಲಿ ಹೋದರೆ ಒಂದು ಮಿಷನ್ನಿನ ವೈದ್ಯಶಾಲೆ ಇದೆಯಂತೆ, ಬರೀ ಹೆಣ್ಣುಮಕ್ಕಳಿಗೆ. ಮೊದಲು ಕಾಗದದ ಮೇಲೆ ಪರೀಕ್ಷೆ, ಆಮೇಲೆ ಬಾಯಿಮಾತಿನ ಪರೀಕ್ಷೆ, ಅದರಲ್ಲಿ ಗೆದ್ದವರಿಗೆ ಸೀಟು.

ನಾನು ತೊಳೆದ ಕಾಲನ್ನೇ ಇನ್ನೊಂದು ಸಲ ತೊಳೆದೆ. ಕಾರಣ ಉಂಟು. ಕೆಲಮಂಗಲದಲ್ಲಿ ನನ್ನ ಅಕ್ಕ ಇದ್ದಾಳೆ, ಅಕ್ಕಯಮ್ಮ. ತಾಯಿ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಹಾಗೆ ಸಾಕಿದ ಹಕ್ಕಿನಿಂದ ಇವತ್ತಿಗೂ ನನ್ನನ್ನು ನಾಲ್ಕು ಜನರ ಎದುರಿಗೆ ‘ಏನ್ಲಾ ಮುತ್ತ’ ಅನ್ನುವವಳು. ಗೋವಿಂದಮ್ಮ ತೊಟ್ಟಿಲಲ್ಲಿದ್ದಾಗಲೇ ಅಕ್ಕ ಬಂದು ಈ ಕೂಸು ನನ್ನ ಮಗ ಅಂಜನಪ್ಪನಿಗೆ ಅಂದಿದ್ದಳು. ನಾನು ಹೂಂ ಅಂದಿದ್ದೆ. ಅಕ್ಕನ ಎದುರಿಗೆ ಹೂಂ ಬಿಟ್ಟು ಬೇರೆ ಅಕ್ಷರ ನನ್ನ ಬಾಯಲ್ಲಿ ಹುಟ್ಟಿದ್ದೇ ಇಲ್ಲ (ಮೇಷ್ಟ್ರಾಗಿಯೂ).

ಇದನ್ನೆಲ್ಲ ಗಂಗರತ್ನಮ್ಮನಿಗೆ ಹೇಳಿದೆ. ಅವಳು ರಾಗಿ ಕೇರುತ್ತಿದ್ದಳು, ಮೊರ ಕೆಳಗಿಡಲಿಲ್ಲ.

“ನಿಮ್ ಕೈಲಾದ್ರೆ ಅವ್ಳಿಗೆ ಕೈ ಕೊಡಿ. ಆಗ್ದಿದ್ರೆ ಕಾಲು ಅಡ್ಡ ಇಕ್ಬೇಡಿ,” ಅಂದಳು.

ಕಾಲು ಅಡ್ಡ ಇಕ್ಕುವವನು ಅಂತ ಅನ್ನಿಸಿಕೊಳ್ಳುವುದಕ್ಕಿಂತ ಕೈ ಕೊಡುವುದೇ ಮೇಲು ಅಂತ ತೋರಿತು. ಅಲ್ಲದೆ ಅವಳು ಸೀಟು ಗೆಲ್ಲುತ್ತಾಳೆ ಅನ್ನುವ ನಂಬಿಕೆಯೂ ನನಗೆ ಇರಲಿಲ್ಲ. ಹೋಗಿ ಬರಲಿ, ಸೋತು ಬರಲಿ, ಅಕ್ಕನಿಗೆ ಏನೂ ಹೇಳಬೇಕಾಗಿ ಬರುವುದಿಲ್ಲ. ಇಷ್ಟು ಲೆಕ್ಕ ಹಾಕಿ, ದೊಡ್ಡ ಮನಸ್ಸು ಮಾಡಿದವನ ಹಾಗೆ ಮುಖ ಮಾಡಿಕೊಂಡು, ನಾನೇ ತಯಾರು ಮಾಡುತ್ತೇನೆ ಅಂತ ಘೋಷಿಸಿದೆ. ನಿಜವಾದ ಪರೀಕ್ಷೆಗೆ ಮುಂಚೆ ಮನೆಯಲ್ಲೇ ತಾಲೀಮು ಪರೀಕ್ಷೆಗಳು. ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಆ ಶಾಲೆಯಲ್ಲೇ ಕಲಿತ ನರ್ಸಮ್ಮ ಒಬ್ಬರಿದ್ದರು. ಅಲ್ಲಿಗೆ ಹೋಗಿ ಯಾವ ತರಹದ ಪ್ರಶ್ನೆ ಕೇಳುತ್ತಾರೆ ಅಂತ ತಿಳಿದುಕೊಂಡು ಬಂದೆ. ಇಂಗ್ಲಿಷಿನಲ್ಲಿ ಪ್ರಬಂಧ, ಲೆಕ್ಕ, ಆರೋಗ್ಯಶಾಸ್ತ್ರ, ಲೋಕಜ್ಞಾನ.

ಅಲ್ಲಿಂದ ನಮ್ಮ ಮನೆಯ ಪಡಸಾಲೆ ಪಡಸಾಲೆಯಾಗಿ ಉಳಿಯಲಿಲ್ಲ. ಪರೀಕ್ಷಾ ಮಂದಿರವಾಯಿತು. ಭಾನುವಾರ ಬಂತೆಂದರೆ ನಾನು ಕೋಟು ತೊಟ್ಟು, ರುಮಾಲು ಸುತ್ತಿ, ಜಾಗಟೆ ಬಾರಿಸಿ ಮಗಳನ್ನು ಒಳಗೆ ಬಿಡುತ್ತಿದ್ದೆ. ಯುದ್ಧದ ಕಾಲ, ಕಾಗದಕ್ಕೆ ಬರ. ಸ್ಕೂಲಿನ ಹುಡುಗರ ಹಳೆಯ ಉತ್ತರಪತ್ರಿಕೆಗಳ ಬೆನ್ನ ಮೇಲೇ ನನ್ನ ಪ್ರಶ್ನೆಗಳು. ಸದ್ದು ಕೂಡದು ಅಂತ ಕಟ್ಟಪ್ಪಣೆ. ಕೋಳಿಗಳನ್ನು ಹಿತ್ತಿಲಿಗೆ ಗಡೀಪಾರು ಮಾಡಿದೆ. ಒಗ್ಗರಣೆ ಸಿಡಿಯಬಾರದು, ಒರಳು ಗುಡುಗಬಾರದು. ಆದ್ದರಿಂದ ಅಡಿಗೆಯೂ ಆಗಬಾರದು. ಮಗಳು ಪಾಸು, ನಮಗೆ ಉಪ-ವಾಸು.

ಕಾಗದದ ಪರೀಕ್ಷೆ ಮುಗಿದ ಮೇಲೆ ಬಾಯಿಮಾತಿನದು. ಅಲ್ಲಿ ಮೂರು ಜನ ಕೂತು ಕೇಳುತ್ತಾರೆ ಅಂತ ನರ್ಸಮ್ಮ ಹೇಳಿದ್ದರು. ಮೂವರೂ ನಾನೇ. ಒಂದು ಸ್ಟೂಲು, ಒಂದು ಅಕ್ಕಿ ಡಬ್ಬ, ಒಂದು ಬೋರಲು ಹಾಕಿದ ಕೊಳಗ. ಸ್ಟೂಲಿನ ಮೇಲೆ ಕೂತಾಗ ನಾನು ದೊರೆಸಾನಿ ಡಾಕ್ಟರು, ಮೂಗಿನಲ್ಲಿ ಇಂಗ್ಲಿಷು. ಅಕ್ಕಿ ಡಬ್ಬದ ಮೇಲೆ ಮದರಾಸಿನ ಪಂಡಿತರು. ಕೊಳಗದ ಮೇಲೆ ಸುಮ್ಮನೆ ಸಿಡುಕುವ ಮುದುಕರು. ಒಂದರಿಂದ ಒಂದಕ್ಕೆ ಹಾರಿ ಹಾರಿ ನನಗೆ ಮಂಡಿ ನೋವು ಹಿಡಿಯಿತು. ಅಡಿಗೆಮನೆಯ ಬಾಗಿಲಿನಿಂದ ಗಂಗರತ್ನಮ್ಮ, ಊಟಕ್ಕೆ ಮೂವರೂ ಬರುತ್ತಾರೋ, ಒಬ್ಬರೇ ಬರುತ್ತಾರೋ ಅಂತ ಕೇಳಿದಳು. ಮೂವರಿಗೂ ಸಿಟ್ಟು ಬಂತು.

ಮಗಳು ಮಾತ್ರ ನಗಲಿಲ್ಲ. ಕೊಳಗದ ಮುದುಕರಿಗೂ ಕೈಮುಗಿದು ಉತ್ತರ ಹೇಳುತ್ತಿದ್ದಳು. ನಾನು ನೂರಕ್ಕೆ ಮೂವತ್ತೈದರ ಮೇಲೆ ಕೊಡುವವನಲ್ಲ; ಜಂಬ ಬಂದೀತು ಅಂತ. ಅವಳು ಯಾಕೆ ಅಂತಲೂ ಕೇಳದೆ, ತಪ್ಪಾದದ್ದನ್ನು ಮಾತ್ರ ತಿದ್ದಿಕೊಂಡು ಮುಂದಿನ ಭಾನುವಾರಕ್ಕೆ ಕಾಯುತ್ತಿದ್ದಳು. ಮನುಷ್ಯನ ಮೂಳೆಗಳನ್ನು ಕುರಿತು ನಾನು ಕೇಳಿದ ಪ್ರಶ್ನೆಗಳಿಗೆ ಸರಿ ಉತ್ತರ ಯಾವುದು ಅಂತ ನನಗೇ ತಿಳಿಯದಾದಾಗ, ಅವಳು ಹೇಳಿದ್ದೇ ಸರಿ ಅಂತ ಗುಟ್ಟಾಗಿ ಗುರುತು ಹಾಕಿಕೊಂಡೆ. ಬರಬರುತ್ತ ನನಗೊಂದು ಭಯ ಶುರುವಾಯಿತು. ಈ ಹುಡುಗಿ ಗೆದ್ದುಬಿಡುತ್ತಾಳೆ.

ನಲವತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ಅವಳನ್ನು ಕರೆದುಕೊಂಡು ಹೊರಟೆ. ಕೃಷ್ಣಗಿರಿಗೆ ಒಂದು ಬಸ್ಸು, ಅಲ್ಲಿಂದ ಜೋಲಾರಪೇಟೆಗೆ ಇನ್ನೊಂದು, ಆಮೇಲೆ ರೈಲು. ಕಾಗದದ ಪರೀಕ್ಷೆ ಮುಗಿಸಿ ಬಂದವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅರ್ಧಕ್ಕರ್ಧ ನಮ್ಮ ಪಡಸಾಲೆಯ ಪ್ರಶ್ನೆಗಳೇ ಬಂದಿದ್ದವಂತೆ. ಮಾರನೆಯ ದಿನ ಬಾಯಿಮಾತಿನದು. ಅದೂ ಚೆನ್ನಾಗಿ ಆಯಿತು. ನಾನು ಜಗಲಿಯ ಮೇಲೆ ಕೂತು, ಅಕ್ಕನಿಗೆ ಏನು ಹೇಳುವುದು ಅಂತ ಒಳಗೊಳಗೇ ಬೇಯುತ್ತಿದ್ದೆ. ಅಷ್ಟರಲ್ಲಿ ಜವಾನ ಬಂದು, ಹುಡುಗಿಯ ತಂದೆ ಒಳಗೆ ಬರಬೇಕಂತೆ ಅಂದ.

ಒಳಗೆ ದೊಡ್ಡ ಡಾಕ್ಟರಮ್ಮ ಕೂತಿದ್ದರು. ಬಿಳಿಯ ಹೆಂಗಸು, ತಲೆಗೂದಲೂ ಬೆಳ್ಳಗೆ. ನಮ್ಮೂರಿನ ಸಂತೆಯಲ್ಲಿ ಕೇಳುವಂಥ ತಮಿಳನ್ನೇ ಮಾತಾಡುತ್ತಿದ್ದರು. ಕೂರಿ ಅಂದರು. ನಿಮ್ಮ ಮಗಳು ಬುದ್ಧಿವಂತೆ ಅಂದರು. ಆಮೇಲೆ ಕೇಳಿದರು:

“ನಡುವೆ ಒಂದು ಒಳ್ಳೆಯ ಸಂಬಂಧ ಬಂದರೆ ನೀವು ಇವಳನ್ನು ಓದು ಬಿಡಿಸಿ ಕರೆದುಕೊಂಡು ಹೋಗುತ್ತೀರೋ?”

ಒಂದೇ ಒಂದು ಪ್ರಶ್ನೆ. ಇಲ್ಲ ಅಂದರೆ ಮುಗಿಯಿತು. ಎರಡೇ ಅಕ್ಷರ. ಆದರೆ ಆ ಕೊಠಡಿಯ ಕಿಟಕಿಯಾಚೆ ನನಗೆ ಅಕ್ಕಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತ ಹಾಗಾಯಿತು. ದೈವಚಿತ್ತ ಅಂದೆ. ಜಾತಕ ನೋಡಬೇಕು ಅಂದೆ. ಹಿರಿಯರು ಇದ್ದಾರೆ ಅಂದೆ. ಕೊನೆಗೆ, ಬೆವರು ಒರೆಸಿಕೊಂಡು, ಪ್ರಶ್ನೆಯನ್ನು ಇನ್ನೊಂದು ಸಲ ಕೇಳಬೇಕು ಅಂದೆ. ಅವರು ಕೇಳಲಿಲ್ಲ.

ಸಂಜೆ ಹೆಸರು ಕೂಗಿದರು. ಗೋವಿಂದಮ್ಮನ ಹೆಸರು ಬರಲಿಲ್ಲ. ಹೊರಡುವಾಗ ಡಾಕ್ಟರಮ್ಮ ಅವಳನ್ನು ಮಾತ್ರ ಪಕ್ಕಕ್ಕೆ ಕರೆದು ಏನೋ ಹೇಳಿದರು. ರೈಲಿನಲ್ಲಿ ಏನು ಹೇಳಿದರು ಅಂತ ಕೇಳಿದೆ. ನಿನ್ನ ಪರೀಕ್ಷೆ ಚೆನ್ನಾಗಿತ್ತು, ಬರುವ ವರ್ಷ ಬಾ, ಅಷ್ಟರಲ್ಲಿ ಮನೆಯವರ ಮನಸ್ಸು ಗಟ್ಟಿ ಮಾಡಿಕೊಂಡು ಬಾ ಅಂದರಂತೆ. ಅದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ. ಜೋಲಾರಪೇಟೆ ಹತ್ತಿರ ಬಂದಾಗ, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು:

“ಅಪ್ಪಾ, ಅಷ್ಟೊಂದು ಪ್ರಶ್ನೆ ಕೇಳ್ದೆ ನೀನು. ಅಂಜನಪ್ಪನ್ನ ಮದ್ವೆ ಆಯ್ತೀಯಾ ಅಂತ ಮಾತ್ರ ಒಂದ್ಸಲಾನೂ ಕೇಳ್ಳಿಲ್ಲ.”

ಮನೆ ಸೇರಿದ ಮೇಲೆ ಗೋವಿಂದಮ್ಮ ಪುಸ್ತಕಗಳನ್ನು ಮತ್ತೆ ಗೂಡಿನಲ್ಲಿ ಜೋಡಿಸಿದಳು. ಅವಳು ಅಳಲಿಲ್ಲ, ಜಗಳ ಆಡಲಿಲ್ಲ, ಓದನ್ನೂ ಬಿಡಲಿಲ್ಲ. ನೀರು ಸೇದುವಳು, ಸಗಣಿ ಬಳಿವಳು, ಮೂಲೆಯಲ್ಲಿ ಕೂತು ಓದುವಳು. ಬೈದಿದ್ದರೆ ನನಗೂ ಉಸಿರಾಡಲು ಜಾಗ ಸಿಗುತ್ತಿತ್ತು. ಆ ವರ್ಷದ ಮಳೆಗಾಲವೆಲ್ಲ ನಮ್ಮ ಮನೆ ಸೂತಕದ ಮನೆಯ ಹಾಗಿತ್ತು. ನಾನೇ ಸ್ಕೂಲಿನಿಂದ ಬೇಗ ಬರುವುದನ್ನು ಬಿಟ್ಟು, ಎಣ್ಣೆ ಅಂಗಡಿ ಬಚ್ಚಪ್ಪನ ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯುತ್ತಿದ್ದೆ.

ಒಂದು ಭಾನುವಾರ ಎದ್ದು ನೋಡುತ್ತೇನೆ, ಪಡಸಾಲೆಯಲ್ಲಿ ಚಾಪೆ ಹಾಸಿದೆ. ಗಂಗರತ್ನಮ್ಮ ಸ್ಟೂಲಿನ ಮೇಲೆ ಕೂತಿದ್ದಾಳೆ. ಬಂದು ಕೂತ್ಕಳಿ ಅಂದಳು. ಯಾಕೆ ಅಂದೆ.

“ನಪಾಸಾಗಿದ್ದು ಅವ್ಳಲ್ಲ ಕಣ್ರೀ ಮೇಷ್ಟ್ರೇ. ನಪಾಸಾದೋರಿಗೆ ತಾನೆ ತಾಲೀಮು ಬೇಕು?”

ಕಟ್ಟಿಕೊಂಡ ಹೆಂಡತಿ ಗಂಡನನ್ನು ಮೇಷ್ಟ್ರೇ ಅಂದರೆ ಅದು ಮರ್ಯಾದೆಗೆ ಅಂದದ್ದಲ್ಲ ಅಂತ ನಿಮಗೆ ಗೊತ್ತೇ ಇದೆ. ಕೂತೆ.

ಅವಳ ವಿಧಾನ ನನ್ನದಕ್ಕಿಂತ ಕ್ರೂರ. ಪ್ರಶ್ನೆ ಕೇಳುವುದಕ್ಕೆ ಜನರನ್ನೇ ಕರೆಸುತ್ತಿದ್ದಳು. ಮೊದಲ ಸಲ ಬಚ್ಚಪ್ಪ ಗಂಡಿನ ಕಡೆಯವನಾಗಿ ಬಂದ. ಎಣ್ಣೆ ಮೆತ್ತಿದ ಪಂಚೆಯಲ್ಲೇ ಬಂದು ಕೂತು, ಮೇಷ್ಟ್ರೇ, ಹುಡ್ಗಿ ಓದಿದ್ದು ಸಾಕು, ಮುಂದಿನ ಮಾತಾಡಾನ ಅಂದ. ಬಚ್ಚಪ್ಪ ಅಂತ ಗೊತ್ತಿದ್ದೂ ನನ್ನ ಬಾಯಿ ತಾನಾಗಿಯೇ, ಅದಕ್ಕೇನಂತೆ, ಆಗಲಿ ಅಂದುಬಿಟ್ಟಿತು. ಕೈ ತಾನಾಗಿಯೇ ಎಲೆ-ಅಡಿಕೆ ತಟ್ಟೆ ಮುಂದಕ್ಕೆ ತಳ್ಳಿತು. ಬಚ್ಚಪ್ಪ ಎಲೆ ಮಡಿಸಿಕೊಂಡು, ನನಗೇ ಕೊಟ್ಟುಬುಟ್ರಲ್ಲ ಮೇಷ್ಟ್ರೇ, ನಂಗೆ ಮೂರು ಮಕ್ಕಳವೆ ಅಂತ ನಕ್ಕ.

ಎರಡನೆಯ ಸಲ ಪಕ್ಕದ ಮನೆಯ ನರಸಮ್ಮ ಬಂದಳು, ನನ್ನ ಅಕ್ಕನಾಗಿ. ಆ ಹೆಂಗಸು ಅಕ್ಕನನ್ನು ಎಲ್ಲಿ ನೋಡಿ ಕಲಿತಿದ್ದಳೋ ಕಾಣೆ. ಹೊಸ್ತಿಲ ಹತ್ತಿರ ಕೆಮ್ಮಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ಏನ್ಲಾ ಮುತ್ತ’ ಅಂದಳು. ನಾನು ಎದ್ದು ನಿಂತೆ. ನಿಂತವನು ಲಗ್ನದ ತಿಂಗಳು ಯಾವುದು ಅಂತ ಕೇಳಿಯೂಬಿಟ್ಟೆ. ಗೋವಿಂದಮ್ಮ ಅಡಿಗೆಮನೆಯ ಗೋಡೆಗೆ ಒರಗಿ ನೋಡುತ್ತಿದ್ದಳು. ಆ ವರ್ಷ ಅವಳು ನಕ್ಕದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ. ನಕ್ಕು, ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. ಹೊಗೆ ಅಂದಳು. ಹಿತ್ತಿಲಲ್ಲಿ ಒಲೆ ಇರಲಿಲ್ಲ.

ಗಂಗರತ್ನಮ್ಮನಿಗೆ ಬರೆಯಲು ಬಾರದು ಅಂತ ಹೇಳಿದೆನಲ್ಲ, ಅಂಕ ಕೊಡುತ್ತಿದ್ದದ್ದು ತಟ್ಟೆಯಲ್ಲಿ. ನಪಾಸಾದ ದಿನ ಮುದ್ದೆಗೆ ಬರೀ ಉಪ್ಪುಸಾರು. ಸ್ವಲ್ಪ ತಡೆದು ನಿಂತರೆ ಹುಳಿ. ಪೂರಾ ಪಾಸಾದರೆ ಮುದ್ದೆಯ ಮೇಲೆ ತುಪ್ಪ ಅಂತ ವಾಗ್ದಾನ. ಉಪ್ಪುಸಾರು ಕುಡಿದು ಕುಡಿದು ನನ್ನ ನಾಲಗೆ ಜಡ್ಡುಗಟ್ಟಿತು. ಕೊನೆಗೆ ಅವಳೇ ಒಂದು ಉತ್ತರ ಕಟ್ಟಿಕೊಟ್ಟಳು. ಮಗ್ಗಿ ಹೇಳುವ ಹುಡುಗನ ಹಾಗೆ ನಾನು ಅದನ್ನು ಸ್ಕೂಲಿಗೆ ಹೋಗುವಾಗಲೂ ಬರುವಾಗಲೂ ಹೇಳಿಕೊಂಡು ನಡೆದೆ: ನನ್ನ ಮಗಳು ಓದು ಮುಗಿಸುವ ತನಕ ಮದುವೆ ಮಾತಿಲ್ಲ. ಅಕ್ಕ ಕೇಳಿದರೂ ಇಲ್ಲ, ದೇವರು ಇಳಿದು ಬಂದು ಕೇಳಿದರೂ ಇಲ್ಲ. ಕಾಫಿ ಕುಡಿದು ಹೊರಡಬಹುದು.

ಹೇಳುತ್ತ ಹೇಳುತ್ತ ಧೈರ್ಯ ಬಂತು. ಬಚ್ಚಪ್ಪನಿಗೆ ಹೇಳಿದೆ, ಬಚ್ಚಪ್ಪ ಕಾಫಿ ಕುಡಿದು ಹೊರಟ. ನರಸಮ್ಮನಿಗೆ, ಅವಳ ಸೊಂಟದ ಕಡೆ ನೋಡದೆ, ಹೇಳಿದೆ. ಹುಳಿಯವರೆಗೆ ಬಂದೆ. ಆದರೆ ಗಂಗರತ್ನಮ್ಮನಿಗೆ ತೃಪ್ತಿಯಿಲ್ಲ. ಇವರೆಲ್ಲ ಗುರುತಿನವರು, ಅದಕ್ಕೇ ನಿಮ್ಮ ಬಾಯಿ ಬರುತ್ತಿದೆ. ಬರುವ ಭಾನುವಾರ ನೀವು ಕಂಡೇ ಇರದವರನ್ನು ಕಳಿಸುತ್ತೇನೆ, ಆಗ ನೋಡೋಣ ಅಂದಳು. ಬಚ್ಚಪ್ಪನ ಭಾವಮೈದ, ಬೀದಿ ನಾಟಕದಲ್ಲಿ ಪಾರ್ಟು ಮಾಡುವವನು, ಬರುವುದಾಗಿ ಒಪ್ಪಿದ್ದನಂತೆ. ಅದು ನನಗೆ ಆಮೇಲೆ ತಿಳಿಯಿತು.

ಆ ಭಾನುವಾರ ಬೆಳಿಗ್ಗೆ ಗಂಗರತ್ನಮ್ಮನೂ ಮಗಳೂ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದರು. ಬಾಗಿಲ ಮುಂದೆ ಎತ್ತಿನ ಗಾಡಿ ನಿಂತಿತು. ಗಾಡಿಯಿಂದ ಜರಿ ರುಮಾಲಿನ ದೊಡ್ಡ ಆಳು ಇಳಿದರು. ಕಿವಿಯಲ್ಲಿ ಹತ್ತಕಡಕು, ಕೈಯಲ್ಲಿ ಛತ್ರಿ, ಮೀಸೆ ಎರಡು ಕೆನ್ನೆಯನ್ನೂ ದಾಟಿ ಹೊರಗೆ ಇಣುಕುವಂಥದ್ದು. ಹಿಂದೆ ಇಬ್ಬರು, ಒಬ್ಬನ ತಲೆಯ ಮೇಲೆ ಹಣ್ಣಿನ ಬುಟ್ಟಿ. ನನ್ನ ಹೆಂಡತಿ ಇಷ್ಟೊಂದು ಅದ್ದೂರಿಯಾಗಿ ಪರೀಕ್ಷೆ ಏರ್ಪಾಡು ಮಾಡಿದ್ದಾಳೆ ಅಂತ ನನಗೆ ಅಭಿಮಾನವೇ ಉಕ್ಕಿತು. ಬನ್ನಿ ಅಂದೆ. ಕೂತರು. ಗುಮ್ಮಳಾಪುರದಿಂದ ಬಂದದ್ದು ಅಂದರು. ಕೆಲಮಂಗಲದ ಅಕ್ಕಯಮ್ಮ ಕಳಿಸಿದ್ದಾಳೆ, ಅಂಜನಪ್ಪನಿಗೆ ಹೆಣ್ಣು ಕೇಳಲು ನಾನು ಹಿರಿಯನಾಗಿ ಬಂದಿದ್ದೇನೆ, ಈ ವರ್ಷ ಮುಗಿಸಿಬಿಡಬೇಕು ಅಂತ ಅವಳ ಆಸೆ ಅಂದರು. ಸ್ವರ ಗಂಭೀರ. ಎಲ್ಲಿಯೂ ಮಾತು ಮರೆಯಲಿಲ್ಲ.

ನಾನು ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತೆ. ಉತ್ತರವನ್ನು ಮೊದಲಿನಿಂದ ಕೊನೆಯವರೆಗೆ ಒಂದು ತಪ್ಪಿಲ್ಲದೆ ಹೇಳಿದೆ. ಅಕ್ಕ ಕೇಳಿದರೂ ಇಲ್ಲ ಅನ್ನುವಲ್ಲಿ ಬೆತ್ತದಿಂದ ನೆಲ ಕುಟ್ಟಿದೆ. ಅವರ ಮುಖ ಕಪ್ಪಿಟ್ಟಿತು. ಆಹಾ, ಏನು ಅಭಿನಯ ಅಂದುಕೊಂಡೆ. ಒಪ್ಪಿಸಿದ ಹುರುಪಿನಲ್ಲಿ ಪಠ್ಯದಲ್ಲಿಲ್ಲದ್ದನ್ನೂ ಸೇರಿಸಿದೆ. ತೊಟ್ಟಿಲ ಕೂಸಿನ ಮೇಲೆ ಮಾತು ತೆಗೆದುಕೊಳ್ಳುವುದು ಸಂತೆಯಲ್ಲಿ ಕರುವಿನ ಹಲ್ಲು ನೋಡಿದ ಹಾಗೆ. ನಾನು ಹುಟ್ಟಿದಾಗಿನಿಂದ ಅಕ್ಕ ನನ್ನ ಬಾಯಿ ಕಟ್ಟಿದ್ದಾಳೆ. ಇವತ್ತು ಬಿಚ್ಚಿದೆ ಅಂತ ಹೋಗಿ ಹೇಳಿ ಅಂದೆ. ಅವರು ಛತ್ರಿ ಊರಿಕೊಂಡು ಎದ್ದರು. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ನಾನು ಹತ್ತಿರ ಹೋಗಿ, ಮೀಸೆ ಮಾತ್ರ ಬಹಳ ಚೆನ್ನಾಗಿ ಅಂಟಿಸಿದ್ದಾರೆ ಅಂತ ಮೆಚ್ಚಿ, ತುದಿ ಹಿಡಿದು ಮೆಲ್ಲಗೆ ಎಳೆದೆ.

ಬರಲಿಲ್ಲ.

ಅಷ್ಟು ಹೊತ್ತಿಗೆ ಗಂಗರತ್ನಮ್ಮ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಹೊಸ್ತಿಲ ಮೇಲೆ ನಿಂತಿದ್ದಳು. ಎಷ್ಟು ಅಂಕ ಅಂತ ನಾನು ಕೇಳಿಯೂ ಆಗಿತ್ತು. ಅವಳು ಬುಟ್ಟಿ ಇಳಿಸಿ, ತಲೆ ಮೇಲೆ ಸೆರಗು ಎಳೆದುಕೊಂಡು, ನೆಲ ನೋಡುತ್ತ ಹೇಳಿದಳು:

“ಗಾಡಿ ಹೊಡ್ಯೋನು ಹೇಳ್ದ. ವೆಂಕಟರಮಣಪ್ಪನೋರಂತೆ. ನಿಮ್ ಭಾವನ ಸೋದರಮಾವ.”

ಅಕ್ಕನ ಮದುವೆಯಲ್ಲಿ ಅವರನ್ನು ನೋಡಿದ್ದೆ. ಆಗ ಮೀಸೆ ಕಪ್ಪಗಿತ್ತು. ನಾಟಕದ ಭಾವಮೈದನಿಗೆ ಹಿಂದಿನ ದಿನದಿಂದ ಜ್ವರವಂತೆ. ಅವನು ಬರಲೇ ಇಲ್ಲ. ನಾನು ಕಾಲಿಗೆ ಬಿದ್ದೆ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡು, ಗಾಡಿ ಹತ್ತಿದರು. ಹಣ್ಣಿನ ಬುಟ್ಟಿಯನ್ನೂ ವಾಪಸು ಹತ್ತಿಸಿದರು.

ಅವತ್ತು ಊಟಕ್ಕೆ ಕೂತಾಗ ಗಂಗರತ್ನಮ್ಮ ನನ್ನ ಮುದ್ದೆಯ ಮೇಲೆ ತುಪ್ಪ ಹಾಕಿದಳು. ಧಾರಾಳವಾಗಿಯೇ ಹಾಕಿದಳು. ನಾನು ತುಪ್ಪವನ್ನು ಬದಿಗೆ ಸರಿಸಿ ಬರೀ ಮುದ್ದೆ ಉಂಡೆ.

ಮರುದಿನವೇ ಕೆಲಮಂಗಲಕ್ಕೆ ಹೋದೆ. ಅಕ್ಕ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಅಕ್ಕಾ ಅಂದೆ. ತಿರುಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ: ತಾಲೀಮು, ಬಚ್ಚಪ್ಪ, ನರಸಮ್ಮ, ಭಾವಮೈದನ ಜ್ವರ. ಹೇಳುತ್ತಿದ್ದಂತೆ ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಅಕ್ಕ ಹಸುವಿನ ಬೆನ್ನು ಸವರಿದಳು. ಮಾತಾಡಿದ್ದು ಹಸುವಿನ ಜೊತೆ.

“ನೋಡ್ದಾ ಗೌರಿ, ನಂಗೂ ಒಬ್ಬ ತಮ್ಮ ಇದ್ದ. ಮಾತು ಕಲ್ತ್ಕಂಡು ಹೋಗ್ಬುಟ್ಟ.”

ಕರೆದ ಹಾಲಿನಲ್ಲಿ ಒಂದು ಲೋಟ ನನ್ನ ಕಡೆ ನೋಡದೆಯೇ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದಳು. ಅದನ್ನು ಕುಡಿಯಬೇಕೋ ಬಿಡಬೇಕೋ ತಿಳಿಯದೆ ಬಹಳ ಹೊತ್ತು ನಿಂತಿದ್ದೆ. ಕೊನೆಗೆ ಕುಡಿದು, ಲೋಟ ತೊಳೆದು ಬೋರಲು ಹಾಕಿ ಬಂದೆ. ಆ ಮಾಘದಲ್ಲೇ ಅಂಜನಪ್ಪನ ಮದುವೆ ಗುಮ್ಮಳಾಪುರದ ಹುಡುಗಿಯ ಜೊತೆ ಆಯಿತು. ನಮಗೆ ಕರೆ ಬರಲಿಲ್ಲ. ಸೋದರಮಾವ ಮಾಡಬೇಕಾದ ಶಾಸ್ತ್ರಗಳಿಗೆ ಯಾರೋ ದೂರದ ದಾಯಾದಿಯನ್ನು ನಿಲ್ಲಿಸಿದರಂತೆ. ಆ ದಿನ ನಾನು ಸ್ಕೂಲಿನಲ್ಲಿ ಐದನೇ ಕ್ಲಾಸಿಗೆ ಬಾಯಿಲೆಕ್ಕ ಕೇಳುತ್ತಿದ್ದೆ. ಯಾರು ಸರಿ ಹೇಳಿದರು, ಯಾರು ತಪ್ಪು ಹೇಳಿದರು ಅನ್ನುವುದು ತಲೆಗೆ ಹೋಗಲಿಲ್ಲ, ಎಲ್ಲರನ್ನೂ ಕೂರಿಸಿದೆ.

ಬೇಸಿಗೆ ಬಂತು. ಈ ಸಲ ಮೂವರೂ ಹೊರಟೆವು. ಪೆಟ್ರೋಲಿಗೆ ಅಭಾವ ಬಂದು ಬಸ್ಸಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಏರು ಬಂದಲ್ಲೆಲ್ಲ ಇಳಿದು ನಡೆದೆವು. ನಡೆಯುತ್ತಲೂ ನಾನು ಉತ್ತರ ಹೇಳಿಕೊಳ್ಳುತ್ತಿದ್ದೆ. ಅಕ್ಕನನ್ನು ಕಳೆದುಕೊಂಡು ಗಳಿಸಿದ ಉತ್ತರ. ಅದನ್ನು ಹೇಳಬೇಕಾದ ಕಡೆ ಹೇಳಿ ಮುಗಿಸಿದರೆ ಸಾಕಾಗಿತ್ತು. ಗೋವಿಂದಮ್ಮ ಕಾಗದದ ಪರೀಕ್ಷೆ ಬರೆದಳು, ಬಾಯಿಮಾತಿನದಕ್ಕೆ ಹೋಗಿ ಬಂದಳು. ನಾನು ಜಗಲಿಯ ಮೇಲೆ ಹೊಸ ರುಮಾಲು ಸುತ್ತಿಕೊಂಡು ಕೂತೆ. ಜವಾನ ಬರಲಿಲ್ಲ. ನಾನೇ ಹೋಗಿ, ಹುಡುಗಿಯ ತಂದೆ ಬಂದಿದ್ದಾರೆ ಅಂತ ತಿಳಿಸಿದೆ. ಸರಿ ಅಂದ. ಇನ್ನೊಂದು ಸಲ ತಿಳಿಸಿದೆ. ಕೂತುಕೊಳ್ಳಿ ಅಂದ.

ಸಂಜೆ ಹೆಸರು ಕೂಗಿದಾಗ ಗೋವಿಂದಮ್ಮನದು ಮೊದಲಿನಲ್ಲೇ ಬಂತು. ಗಂಗರತ್ನಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು, ಹೋದ ತಂಗಿಯನ್ನು ರಾಮಕ್ಕಾ ಅಂತ ಒಂದೇ ಸಲ ಕರೆದಳು. ನಾನು ಮಾತ್ರ ಡಾಕ್ಟರಮ್ಮ ಹೋಗುತ್ತಿದ್ದ ದಾರಿಗೆ ಅಡ್ಡ ನಿಂತೆ. ಅಮ್ಮಾ, ಈ ಸಲ ನನ್ನನ್ನು ಕೇಳಲೇ ಇಲ್ಲವಲ್ಲ ಅಂದೆ. ಅವರು ಗುರುತು ಹಿಡಿದರು.

“ತಂದೆಯರನ್ನು ಕೇಳುವುದು ಬಿಟ್ಟಿದ್ದೇವೆ,” ಅಂದರು. “ಕಳೆದ ವರ್ಷ ಗಟ್ಟಿಯಾಗಿ ಇಲ್ಲ ಅಂದವರೇ ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಈಗ ಹುಡುಗಿಯರನ್ನೇ ಕೇಳುತ್ತೇವೆ.”

ಹೋಗಿಬಿಟ್ಟರು. ಬಾಯಿತುಂಬ ಉತ್ತರ ಇಟ್ಟುಕೊಂಡು ನಾನು ಆ ಜಗಲಿಯ ಕಂಬದ ಪಕ್ಕ ಇನ್ನೊಂದು ಕಂಬವಾದೆ. ಆಮೇಲೆ ಮಗಳನ್ನು ಕೇಳಿದೆ, ನಿನಗೆ ಏನು ಕೇಳಿದರು ಅಂತ. ನಿನ್ನ ಅಪ್ಪ ಬಂದು ಮದುವೆಗೆ ಬಾ ಅಂತ ಕರೆದರೆ ಏನು ಮಾಡುತ್ತೀಯ ಅಂದರಂತೆ.

“ನೀನೇನಂದೆ?”

“ದೂರದಿಂದ ಬಂದಿರ್ತಾನೆ, ಊಟಕ್ಕಿಕ್ಕಿ ಕಳಿಸ್ತೀನಿ ಅಂದೆ.”

ಶಾಲೆ ಶುರುವಾಗುವ ಹೊತ್ತಿಗೆ ಮತ್ತೆ ಕರೆದುಕೊಂಡು ಹೋಗಿ ಬಿಟ್ಟು ಬಂದೆವು. ಟ್ರಂಕು ಒಳಗೆ ಸಾಗಿಸಿದರು. ಗಂಡಸರು ಗೇಟಿನ ಆಚೆಯೇ ನಿಲ್ಲಬೇಕು ಅಂದರು, ನಿಂತೆ. ಅವಳು ಬಿಳಿ ಸೀರೆ ಉಟ್ಟ ಹುಡುಗಿಯರ ಸಾಲಿನಲ್ಲಿ ನಡೆದುಹೋದಳು. ಒಂದು ಸಲ ತಿರುಗಿದಳು, ತಿರುಗಿದ್ದು ಅವಳೋ ಬೇರೆಯವಳೋ ನನ್ನ ಕನ್ನಡಕಕ್ಕೆ ಸರಿಯಾಗಿ ಕಾಣಲಿಲ್ಲ.

ವಾಪಸು ರೈಲಿನಲ್ಲಿ ಎದುರಿಗೆ ಕೂತ ಯಾರೋ ತಮಿಳಿನವರು, ಸುಮ್ಮನೆ ಮಾತಿಗೆ, ಮಕ್ಕಳೆಷ್ಟು ಅಂತ ಕೇಳಿದರು. ಒಬ್ಬಳು ಅನ್ನಬೇಕು, ಅಷ್ಟೆ. ಬಾಯಿ ತೆರೆದೆ. ಉತ್ತರ ಬರಲಿಲ್ಲ, ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡೆ, ಮತ್ತೆ ಒರೆಸಿಕೊಂಡೆ. ಆ ಮನುಷ್ಯರು ಗಾಬರಿಯಾಗಿ ಗಂಗರತ್ನಮ್ಮನ ಕಡೆ ನೋಡಿದರು.

“ಏನೂ ಇಲ್ಲ ಸ್ವಾಮಿ,” ಅಂದಳು ಅವಳು, ಅವಳ ಸ್ವರವೂ ನೆಟ್ಟಗಿರಲಿಲ್ಲ. “ಇದೊಂದಕ್ಕೆ ನಾನು ತಾಲೀಮು ಕೊಟ್ಟಿರ್ಲಿಲ್ಲ.”